ಟೀಚರ್, ಒಂದು ಡೌಟು: ಮೈದಾನಕ್ಕೆ ಹೋದ ಪಾಠ ವಾಪಸ್ ಬಂತಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಮಕ್ಕಳನ್ನು ಕ್ಲಾಸಿನಿಂದ ಹೊರಗೆ ಕರೆದುಕೊಂಡು ಹೋಗುವುದು ಪಾಠವಾ, ಟೈಂಪಾಸಾ ಅಂತ. ಕೆಲವರು ಸಿಟ್ಟಿನಲ್ಲೇ ಬರೆದಿದ್ದೀರಿ. ಪರವಾಗಿಲ್ಲ, ಉಡುಪಿ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ 22 ವರ್ಷ ಸೀಮೆಸುಣ್ಣ ಹಿಡಿದವಳಿಗೆ ಪೋಷಕರ ಸಿಟ್ಟು ಹೊಸತಲ್ಲ. ಹೆಸರು ಬೇಡ ಅಂದವರ ಹೆಸರು ಹಾಕಿಲ್ಲ. ಹಾಕಿ ಅಂದವರದ್ದೂ ಹಾಕಿಲ್ಲ, ಬೇಸರ ಮಾಡಬೇಡಿ.

ಪ್ರಶ್ನೆ: ನನ್ನ ಮಗ 3ನೇ ಕ್ಲಾಸು. ದಿನಾ ಮಧ್ಯಾಹ್ನ ಮೇಲೆ ಮಕ್ಕಳನ್ನು ಅಂಗಳಕ್ಕೆ ಬಿಡುತ್ತಾರೆ. ನೋಟ್ಸ್ ನೋಡಿದರೆ ಅರ್ಧ ಖಾಲಿ. ಪಕ್ಕದ ಮನೆಯ ಮಗು ಬೇರೆ ಶಾಲೆಗೆ ಹೋಗುತ್ತದೆ, ಅದರದ್ದು ಎರಡು ಪುಸ್ತಕ ತುಂಬಿದೆ. ಶಾಲೆ ಬದಲಾಯಿಸಬೇಕಾ ಟೀಚರ್?
(ಒಬ್ಬ ತಾಯಿ, ಸುರತ್ಕಲ್)

ಉತ್ತರ: ಪಕ್ಕದ ಮನೆಯ ಪುಸ್ತಕ ತುಂಬಿದ್ದು ಎಂತದರಿಂದ ಅಂತ ಒಮ್ಮೆ ನೋಡಿ. ಬೋರ್ಡಿನಿಂದ ಇಳಿಸಿಕೊಂಡ ಪ್ರಶ್ನೋತ್ತರ ಮಾತ್ರ ಇದ್ದರೆ ಅದು ಕೈಬರಹದ ಅಭ್ಯಾಸ ಆಯಿತು, ಅಷ್ಟೇ. ಇನ್ನು ಸಮಯದ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರಲ್ಲಿ. ಅದು 1ರಿಂದ 5ನೇ ಕ್ಲಾಸಿಗೆ ಕೇಳುವುದು ವರ್ಷಕ್ಕೆ 200 ದಿನ, 800 ಗಂಟೆ ಪಾಠ. ಭಾಗಿಸಿದರೆ ದಿನಕ್ಕೆ 4 ಗಂಟೆ. ಅದೇ ಕಾಯ್ದೆಯೇ ಶಾಲೆಗೆ ಆಟದ ಮೈದಾನ ಬೇಕು ಅಂತಲೂ ಹೇಳುತ್ತದೆ. ಹಾಗಾಗಿ ಮಧ್ಯಾಹ್ನ ಮೇಲೆ ಒಂದು ಗಂಟೆ ಹೊರಗೆ ಬಿಟ್ಟರೆ ಪಾಠ ಕದ್ದ ಹಾಗೆ ಆಗುವುದಿಲ್ಲ.

ಆದರೆ ನಿಮ್ಮ ಡೌಟು ಸುಮ್ನೆ ಬಂದದ್ದಲ್ಲ. ಹೊರಗೆ ಹೋದದ್ದೆಲ್ಲ ಕಲಿಕೆ ಅಂತ ಹೇಳಿಕೊಂಡು ಮರದ ಬುಡದಲ್ಲಿ ಮೊಬೈಲ್ ನೋಡುವವರನ್ನು ನಾನೂ ಕಂಡಿದ್ದೇನೆ. ಒಂದು ವಾರ ಹೀಗೆ ಮಾಡಿ. "ಇವತ್ತು ಎಂತ ಪಾಠ ಆಯ್ತು" ಅಂತ ಕೇಳಬೇಡಿ, ಅದಕ್ಕೆ ಎಲ್ಲ ಮಕ್ಕಳ ಉತ್ತರವೂ "ಎಂತ ಇಲ್ಲ". "ಹೊರಗೆ ಎಂತ ನೋಡಿದೆ, ಎಷ್ಟಿತ್ತು?" ಅಂತ ಕೇಳಿ. ಒಂದು ಸಂಖ್ಯೆಯೋ, ಒಂದು ಜಗಳವೋ ಹೊರಗೆ ಬಂದರೆ ಅಲ್ಲಿ ಪಾಠ ನಡೆಯುತ್ತಾ ಉಂಟು.

ಜಗಳ ಅಂದೆನಲ್ವಾ. ನಮ್ಮ ಶಾಲೆಯ ಹಿಂದೆ ಒಂದು ಹಲಸಿನ ಮರ ಉಂಟು. 3ನೇ ಕ್ಲಾಸಿಗೆ ಅಳತೆಯ ಪಾಠ ಬಂದಾಗ ಸ್ಕೇಲ್ ಕೊಡದೆ ಕರೆದುಕೊಂಡು ಹೋಗಿ, ಮರದ ಸುತ್ತಳತೆ ಎಷ್ಟು ಗೇಣು ಅಂತ ಕೇಳಿದೆ. ಒಬ್ಬ 11 ಅಂದ, ಒಬ್ಬಳು 12 ಅಂದಳು, ಇಬ್ಬರೂ ನೀನು ಕಳ್ಳಾಟ ಆಡಿದ್ದಿ ಅಂತ ಜಗಳಕ್ಕೆ ನಿಂತರು, ಎರಡೆರಡು ಸಲ ಅಳೆದರೂ ಅಷ್ಟೇ ಬಂತು. ಕೊನೆಗೆ ನಾನು ಅಳೆದೆ, 8 ಬಂತು. "ಟೀಚರ್ ಅಳೆದರೆ ಮರ ಸಣ್ಣ ಆಗ್ತದೆ" ಅಂತ ಒಂದು ಹುಡುಗಿ ಹೇಳಿದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಇನ್ನೊಬ್ಬ ತನ್ನ ಕೈಯನ್ನು ನನ್ನ ಕೈಗೆ ಜೋಡಿಸಿ ನೋಡಿದ. ಸೆಂಟಿಮೀಟರ್ ಯಾಕೆ ಬೇಕು ಅಂತ ನಾನು ಹೇಳುವ ಕೆಲಸವೇ ಉಳಿಯಲಿಲ್ಲ. ಹಗ್ಗ ಸುತ್ತಿ ಸ್ಕೇಲಿನಲ್ಲಿ ಅಳೆದು, ಕ್ಲಾಸಿಗೆ ಬಂದು ಬರೆದದ್ದು ನಾಲ್ಕೇ ಸಾಲು. ಆ ದಿನದ ನೋಟ್ಸ್ ನೀವು ನೋಡಿದ್ದರೆ ಅರ್ಧ ಖಾಲಿ ಅಂತಲೇ ಹೇಳುತ್ತಿದ್ದಿರಿ.

ನನ್ನದು ಒಂದೇ ಕಟ್ಟುನಿಟ್ಟು. ಹೋಗುವ ಮೊದಲು ಬೋರ್ಡಿನ ಮೇಲೆ ಒಂದು ಪ್ರಶ್ನೆ ಇರಬೇಕು, ವಾಪಸ್ ಬಂದ ಮೇಲೆ ಪುಸ್ತಕದಲ್ಲಿ ನಾಲ್ಕು ಸಾಲು ಇರಬೇಕು. ಮಗನ ಪುಸ್ತಕದಲ್ಲಿ ಆ ನಾಲ್ಕು ಸಾಲು ಹುಡುಕಿ. ತಿಂಗಳಿಡೀ ಸಿಗದಿದ್ದರೆ ಅವನ ಟೀಚರ್ ಹತ್ತಿರ ಹೋಗಿ ಮಾತಾಡಿ. ಶಾಲೆ ಬದಲಾಯಿಸುವ ಮಾತು ಅದರ ನಂತರದ್ದು.

ಪ್ರಶ್ನೆ: ನಾನು ನಲಿ-ಕಲಿ (ಸಣ್ಣ ಕ್ಲಾಸುಗಳಿಗೆ ಚಟುವಟಿಕೆಯಿಂದ ಕಲಿಸುವ ಪದ್ಧತಿ) ಟೀಚರ್. 1ರಿಂದ 3 ಒಟ್ಟಿಗೆ, 19 ಮಕ್ಕಳು. ತರಬೇತಿಯಲ್ಲಿ ಹೊರಾಂಗಣ ಚಟುವಟಿಕೆ ಮಾಡಿಸಿ ಅಂತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹೊರಗೆ ಕಾಲಿಡಲು ಆಗುವುದಿಲ್ಲ. ಜಗಲಿಯಲ್ಲಿ ಕೂತು ಎಂತ ಮಾಡಿಸಲಿ?
(ಒಬ್ಬ ಶಿಕ್ಷಕಿ, ಬ್ರಹ್ಮಾವರ)

ಉತ್ತರ: ನಲಿ-ಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಅಲ್ಲಿ ಮಳೆ ಕಡಿಮೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಬರುವ ಮಳೆ ಸುಮಾರು 4000 ಮಿಲಿಮೀಟರ್. ಹಾಗಾಗಿ ಅಲ್ಲಿಯ ಬಯಲಿನ ಚಟುವಟಿಕೆ ಇಲ್ಲಿಯ ಜುಲೈಗೆ ಹೊಂದದಿದ್ದರೆ ಅದು ನಿಮ್ಮ ತಪ್ಪಲ್ಲ. ಮಳೆ ನಿಲ್ಲಲಿ ಅಂತ ಕಾಯಬೇಡಿ ಟೀಚರ್, ಮಳೆಯನ್ನೇ ಪಾಠ ಮಾಡಿ.

ನಾವು ಮಾಡುವುದು ಹೀಗೆ. ಎರಡು ಲೀಟರಿನ ಜ್ಯೂಸ್ ಬಾಟಲಿ, ಮೈ ನೇರ ಇರುವಂಥದ್ದು. ಕುತ್ತಿಗೆಯ ಕೆಳಗೆ ಕತ್ತರಿಸಿ, ಆ ತುಂಡನ್ನು ತಲೆಕೆಳಗೆ ಮಾಡಿ ಬಾಟಲಿಯ ಬಾಯಿಗೇ ಇಟ್ಟರೆ ಲಾಳಿಕೆ ಆಯಿತು. ಬಾಟಲಿಯ ಅಡಿ ಉಬ್ಬು ತಗ್ಗು ಇರುತ್ತದೆ, ಅಲ್ಲಿಗೆ ಸಣ್ಣ ಕಲ್ಲು ಹಾಕಿ, ಮೈ ನೇರ ಆಗುವವರೆಗೆ ನೀರು ತುಂಬಿ ಅಲ್ಲೊಂದು ಗೆರೆ ಎಳೆಯಿರಿ. ಅದು ಸೊನ್ನೆ. ಮೇಲಕ್ಕೆ ಸ್ಕೇಲ್ ಅಂಟಿಸಿ. ಮರ, ಮಾಡು (ಛಾವಣಿ) ಯಾವುದೂ ಅಡ್ಡ ಬರದ ಕಡೆ ಮೂರು ಇಟ್ಟಿಗೆಯ ನಡುವೆ ನಿಲ್ಲಿಸಿ. ಬೆಳಗ್ಗೆ ಬೆಲ್ ಆದ ಕೂಡಲೇ ಇಬ್ಬರು ಮಕ್ಕಳು ಕೊಡೆ ಹಿಡಿದು ಹೋಗಿ ಓದಿ ಬರುತ್ತಾರೆ, ಸೊನ್ನೆಯ ಗೆರೆಯವರೆಗೆ ನೀರು ಉಳಿಸಿ ಬಾಕಿ ಚೆಲ್ಲುತ್ತಾರೆ. ನಲಿ-ಕಲಿ ಗೋಡೆಯಲ್ಲಿ ಹವಾಮಾನ ನಕ್ಷೆ ಹೇಗೂ ಇರುತ್ತದಲ್ವಾ, ಮೋಡದ ಚಿತ್ರದ ಪಕ್ಕ ಆ ದಿನದ ಸಂಖ್ಯೆ ಬರಲಿ. ಒಂದನೇ ಕ್ಲಾಸಿನವರು ಸಂಖ್ಯೆ ಬರೆಯಲಿ, ಎರಡನೆಯವರು ನಿನ್ನೆಗಿಂತ ಜಾಸ್ತಿಯಾ ಕಡಿಮೆಯಾ ಹೇಳಲಿ, ಮೂರನೆಯವರು ಎಷ್ಟು ಜಾಸ್ತಿ ಅಂತ ಕಳೆಯಲಿ.

ಇದರಲ್ಲಿ ತಮಾಷೆ ಉಂಟು. ಮರುದಿನದ ಪೇಪರಿನಲ್ಲಿ ಬಂದ ಮಳೆಯ ಲೆಕ್ಕಕ್ಕೂ ನಮ್ಮದಕ್ಕೂ ತಾಳೆ ಆಗುವುದೇ ಇಲ್ಲ. ಮಕ್ಕಳಿಗೆ ಸಿಟ್ಟು. ಹವಾಮಾನ ಇಲಾಖೆಯ ದಿನ ಬೆಳಗ್ಗೆ 8.30ರಿಂದ 8.30ಕ್ಕೆ, ನಮ್ಮದು ಬೆಲ್ಲಿನಿಂದ ಬೆಲ್ಲಿಗೆ, ಊರೂ ಬೇರೆ ಅಂತ ಹೇಳಿದೆ. ಅರ್ಧ ಸಮಾಧಾನ ಆಯಿತು. ಇನ್ನೊಂದು, ಇಲಾಖೆಯವರು ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರೀ ಮಳೆ ಅಂತಾರೆ, 204.4 ದಾಟಿದರೆ ಅತ್ಯಂತ ಭಾರೀ. ಮಕ್ಕಳು ವಾರಗಟ್ಟಲೆ ಆ 204ಕ್ಕೆ ಕಾದರು. ಬಂತು. ಆದರೆ ಅಂಥ ದಿನ ರೆಡ್ ಅಲರ್ಟ್, ಡಿಸಿ ರಜೆ ಘೋಷಿಸಿಬಿಟ್ಟರು, ಮರುದಿನ ಭಾನುವಾರ. ಸೋಮವಾರ ಹೋಗಿ ನೋಡಿದರೆ ಬಾಟಲಿ ತುಂಬಿ ಚೆಲ್ಲಿದೆ. ದೊಡ್ಡ ಮಳೆ ಬಂದ ದಿನವೇ ಅಳೆಯಲು ಜನ ಇಲ್ಲ. ಮುಂದಿನ ರಜೆಗೆ ಶಾಲೆಯ ಪಕ್ಕದ ಮನೆಯ ಹುಡುಗ ತಾನೇ ಬಂದು ಓದಿ ಚೀಟಿಯಲ್ಲಿ ಬರೆದಿಟ್ಟಿದ್ದ, ನಾನು ಹೇಳಿರಲಿಲ್ಲ. ರೆಡ್ ಅಲರ್ಟಿನ ದಿನ ಮನೆಯಿಂದ ಹೊರಡಬಾರದು ಅಂತ ಅವನಿಗೆ ಬೈಯಬೇಕಾಯಿತು. ಬೈದೆ, ಆದರೆ ಗಟ್ಟಿಯಾಗಿ ಅಲ್ಲ.

ಮೇಲಿನ ಕ್ಲಾಸಿಗೆ ಇನ್ನೊಂದು ಲೆಕ್ಕ: ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಅಂದರೆ ಸರಿಯಾಗಿ 1 ಲೀಟರ್ ನೀರು. 8 ಮೀಟರ್ ಉದ್ದ, 6 ಮೀಟರ್ ಅಗಲದ ಕ್ಲಾಸಿನ ಮಾಡಿಗೆ 100 ಮಿ.ಮೀ. ಬಿದ್ದರೆ 4800 ಲೀಟರ್. 15 ಲೀಟರಿನ ಬಕೆಟ್‌ನಲ್ಲಿ 320. ಅದನ್ನೆಲ್ಲ ತೋಡಿಗೆ ಬಿಡ್ತೇವಲ್ಲ ಟೀಚರ್ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ಆಟಿ ತಿಂಗಳಿಗೆ (ತುಳುವರ ಜುಲೈ-ಆಗಸ್ಟ್) ಚೆನ್ನೆಮಣೆ, ಅಂದರೆ ಗುಳಿಗಳಿಗೆ ಕಾಯಿ ಹಂಚಿ ಆಡುವ ಮಣೆ, ತೆಗೆಯಿರಿ. ಯಾರದ್ದಾದರೂ ಅಜ್ಜಿಮನೆಯ ಅಟ್ಟದಲ್ಲಿ ಸಿಗುತ್ತದೆ, ಸಿಗದಿದ್ದರೆ ಮೊಟ್ಟೆಯ ಟ್ರೇ ಕತ್ತರಿಸಿದರೂ ಆಯಿತು. ಆಚೆ 7, ಈಚೆ 7 ಗುಳಿ, ಒಂದೊಂದರಲ್ಲಿ 4 ಕಾಯಿ, ಒಟ್ಟು 56. ಇಷ್ಟು ಹಂಚುವುದರಲ್ಲೇ ನಾಲ್ಕರ ಮಗ್ಗಿ ಆಗಿಹೋಯಿತು. ಆಡುತ್ತಾ ಹೋದ ಹಾಗೆ ಯಾವ ಗುಳಿಯಿಂದ ಎತ್ತಿದರೆ ಎಲ್ಲಿಗೆ ಮುಗಿಯುತ್ತದೆ ಅಂತ ಕಣ್ಣಲ್ಲೇ ಎಣಿಸುವುದಕ್ಕೆ ಶುರು ಮಾಡುತ್ತಾರೆ, ಅದೇ ನಮಗೆ ಬೇಕಾದ್ದು. ಕಾಯಿಗೆ ಮಂಜೊಟ್ಟಿಯ ಕೆಂಪು ಬೀಜ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಹುಣಸೆ ಬೀಜ. ಗುಲಗಂಜಿ ಮಾತ್ರ ಬೇಡವೇ ಬೇಡ. ಕೆಂಪಿಗೆ ಕಪ್ಪು ಚುಕ್ಕಿ ಚಂದ ಕಾಣುತ್ತದೆ, ಆದರೆ ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಒಂದನೇ ಕ್ಲಾಸಿನವರ ಬಾಯಿಗೆ ಎಂತ ಹೋಗುತ್ತದೆ ಅಂತ ನಿಮಗೆ ಗೊತ್ತೇ ಉಂಟಲ್ಲ.

ಆಟಿಯಲ್ಲಿ ಎಲೆ ತರಿಸುವುದಾದರೆ ತಿಮರೆ (ಒಂದೆಲಗ), ತಜಂಕ್ (ಚಗಟೆ ಸೊಪ್ಪು), ಪತ್ರೊಡೆಯ ಕೆಸು ಎಲ್ಲ ಮನೆಯ ಹಿತ್ತಿಲಿನಿಂದಲೇ ಬರುತ್ತದೆ. ಹಸಿ ಎಲೆಯನ್ನು ಕಲಿಕಾ ಚಪ್ಪರಕ್ಕೆ (ಕ್ಲಾಸಿನಲ್ಲಿ ಮಕ್ಕಳ ಕೆಲಸ ನೇತುಹಾಕುವ ಹಗ್ಗದ ಚಪ್ಪರ) ನೇತುಹಾಕಬೇಡಿ, ಎರಡು ದಿನದಲ್ಲಿ ಬೂಸರು ಹಿಡಿದು ಕ್ಲಾಸೆಲ್ಲ ವಾಸನೆ, ಇದು ನನ್ನ ಸ್ವಂತ ಅನುಭವ. ಕಾಗದದ ಅಡಿಗೆ ಎಲೆ ಇಟ್ಟು ಮೇಲೆ ಕ್ರೆಯಾನ್ ಉಜ್ಜಿದರೆ ನರ ನರ ಎದ್ದು ಬರುತ್ತದೆ. ಆ ಕಾಗದ ನೇತುಹಾಕಿ.

ಪ್ರಶ್ನೆ: ಮಗಳು ಬಿಳಿ ಯೂನಿಫಾರ್ಮ್ ಹಾಕಿಕೊಂಡು ಹೋಗಿ ಕೆಸರು ಮಾಡಿಕೊಂಡು ಬರ್ತಾಳೆ. ಮುಂದಿನ ವಾರ ಗದ್ದೆಗೆ ನೇಜಿ (ಭತ್ತದ ಸಸಿ) ನೆಡಲು ಕರೆದುಕೊಂಡು ಹೋಗ್ತಾರಂತೆ. ಜ್ವರ ಬಂದರೆ ಯಾರು ಜವಾಬ್ದಾರಿ? ಕಳಿಸುವುದಿಲ್ಲ ಅಂತ ಹೇಳಬಹುದಾ?
(ಒಬ್ಬ ತಂದೆ, ಮಣಿಪಾಲ)

ಉತ್ತರ: ಹೇಳಬಹುದು. ಆದರೆ ಹೇಳಬೇಡಿ ಅಂತ ನನ್ನ ಅಭಿಪ್ರಾಯ. ಮಳೆಯಲ್ಲಿ ನೆನೆದದ್ದಕ್ಕೆ ಬರುವ ಶೀತಕ್ಕಿಂತ ನಮ್ಮ ಕಡೆ ಹೆದರಬೇಕಾದ್ದು ಇಲಿಜ್ವರಕ್ಕೆ. ಇಲಿಯ ಮೂತ್ರ ಸೇರಿದ ನೀರು ಗಾಯಕ್ಕೆ ತಾಗಿದರೆ ಅದು ಬರುತ್ತದೆ. ಹಾಗಾಗಿ ಕಾಲಿನಲ್ಲಿ ತರಚಿದ ಗಾಯ, ಹುಣ್ಣು ಇದ್ದರೆ ಆ ದಿನ ಬದುವಿನ ಮೇಲೆ ನಿಂತು ನೋಡಲಿ, ಗದ್ದೆಗೆ ಇಳಿಯುವುದು ಬೇಡ. ಬಂದ ಮೇಲೆ ಸೋಪು ಹಾಕಿ ಕೈಕಾಲು ತೊಳೆಯುವ ವ್ಯವಸ್ಥೆ ಉಂಟಾ ಅಂತ ಶಾಲೆಯಲ್ಲಿ ಮೊದಲೇ ಕೇಳಿ. ಆಮೇಲೆ ಜ್ವರ ಕಂಡರೆ ಗದ್ದೆಗೆ ಹೋಗಿದ್ದಳು ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ಬಿಳಿ ಯೂನಿಫಾರ್ಮ್ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಕರಾವಳಿಯಲ್ಲಿ ಜೂನ್ ತಿಂಗಳಿಗೆ ಸಣ್ಣ ಮಕ್ಕಳಿಗೆ ಬಿಳಿ ಬಟ್ಟೆ ಇಟ್ಟವರು ಒಂದು ದಿನವೂ ಬಟ್ಟೆ ಒಗೆದವರಲ್ಲ. ನೇಜಿಯ ದಿನ ಹಳೆಯ ಬಟ್ಟೆ ಕೊಟ್ಟು ಕಳಿಸಿ.

ಪ್ರಶ್ನೆ: ನಾವು ಶಾಲೆಗೆ ನಾಲ್ಕು ಮೈಲಿ ನಡೆದು, ತೋಡು ದಾಟಿ, ಮರ ಹತ್ತಿಯೇ ಎಲ್ಲ ಕಲಿತದ್ದು. ಈಗ ಅದಕ್ಕೂ ಚಟುವಟಿಕೆ ಅಂತ ಹೆಸರಿಟ್ಟು ಫೋಟೋ ತೆಗೀತಾರೆ. ಇದೆಲ್ಲ ನಾಟಕ ಅಲ್ಲವೇ?
(ಒಬ್ಬ ಅಜ್ಜ, ಕೋಟ)

ಉತ್ತರ: ಫೋಟೋದ ಮಟ್ಟಿಗೆ ನೀವು ಹೇಳಿದ್ದು ಸರಿ ಅಜ್ಜ. ಆದರೆ ಒಂದು ಕೇಳಲಾ? ನಿಮ್ಮೊಟ್ಟಿಗೆ ಒಂದನೇ ಕ್ಲಾಸಿಗೆ ಸೇರಿದವರಲ್ಲಿ ಏಳನೇ ಕ್ಲಾಸಿನವರೆಗೆ ಬಂದವರು ಎಷ್ಟು ಜನ? ತೋಡು ದಾಟಿ ಕಲಿತವರ ಕತೆ ನಮಗೆ ಗೊತ್ತಾಗುತ್ತದೆ, ತೋಡಿನ ಆಚೆಯೇ ಉಳಿದವರದ್ದು ಗೊತ್ತಾಗುವುದಿಲ್ಲ. ನಾಟಕ, ಚಿತ್ರ ಅಂತ ಮಕ್ಕಳ ಜೊತೆ ಪುತ್ತೂರಿನ ಬಾಲವನದಲ್ಲಿ ಪ್ರಯೋಗ ಮಾಡಿದ ಶಿವರಾಮ ಕಾರಂತರು ನಿಮ್ಮ ಕೋಟದವರೇ ಅಲ್ವಾ. ನಿಮಗೆ ತೆಂಗಿನ ಮಡಲು ಹೆಣೆಯಲು ಬರುತ್ತದೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಹತ್ತಿರದ ಶಾಲೆಗೆ ಒಂದು ಶನಿವಾರ ಹೋಗಿ ಕಲಿಸಿ. ಫೋಟೋ ತೆಗೆಯಲು ಬಂದರೆ ಬೈದು ಕಳಿಸಿ.

ಪ್ರಶ್ನೆ: ನಮ್ಮದು ಮಂಗಳೂರು ಪೇಟೆಯ ನಡುವಿನ ಶಾಲೆ. ಮೈದಾನ ಅಂತ ಇರುವುದು ವ್ಯಾನ್ ನಿಲ್ಲಿಸುವಷ್ಟು ಸಿಮೆಂಟಿನ ಜಾಗ. ಇದರಲ್ಲಿ ಹೊರಾಂಗಣ ಎಂತ ಬಂತು?
(ಒಬ್ಬ ಶಿಕ್ಷಕರು, ಮಂಗಳೂರು)

ಉತ್ತರ: ವ್ಯಾನ್ ಇಲ್ಲದ ಹೊತ್ತಿನಲ್ಲಿ ಬಿಸಿಲು ಬೀಳುತ್ತದಲ್ವಾ ಸರ್, ಅದು ಸಾಕು. ಒಂದು ಮೀಟರ್ ಉದ್ದದ ಕೋಲು, ಬಕೆಟ್‌ನಲ್ಲಿ ಮರಳು ತುಂಬಿ ನೆಟ್ಟಗೆ ನಿಲ್ಲಿಸಿ. ಡಿಸೆಂಬರ್‌ನಲ್ಲಿ ಶುರು ಮಾಡಿ. ಹನ್ನೊಂದೂವರೆಯಿಂದ ಹತ್ತು ಹತ್ತು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಲಿ. 12 ಗಂಟೆಗೆ ನೆರಳು ಅತಿ ಗಿಡ್ಡ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನೀವೂ ಹೇಳುತ್ತೀರಿ. ಆಗುವುದಿಲ್ಲ. ಡಿಸೆಂಬರ್ ಕೊನೆಗೆ ಅದು ಹನ್ನೆರಡೂವರೆ ಹೊತ್ತಿಗೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಸಮಯಕ್ಕೆ, ಮಂಗಳೂರು ಇರುವುದು 75 ಡಿಗ್ರಿಯ ಹತ್ತಿರ, ಒಂದೊಂದು ಡಿಗ್ರಿಗೆ 4 ನಿಮಿಷದಂತೆ ಸೂರ್ಯ ನಮ್ಮ ನೆತ್ತಿಗೆ ಅರ್ಧ ಗಂಟೆ ತಡ. ಆಗ ನೆರಳು ಸುಮಾರು 73 ಸೆಂಟಿಮೀಟರ್ ಇರುತ್ತದೆ. ವಾರಕ್ಕೊಮ್ಮೆ ಅಳೆಯುತ್ತಾ ಹೋದರೆ ಮಾರ್ಚ್ ಕೊನೆಗೆ 20ರ ಒಳಗೆ ಬರುತ್ತದೆ. ಏಪ್ರಿಲ್ 24ರ ಹೊತ್ತಿಗೆ ಮಂಗಳೂರಿನಲ್ಲಿ ನೆರಳು ಪೂರ್ತಿ ಮಾಯ, ಕೋಲಿನ ಬುಡಕ್ಕೇ ಸೇರಿಬಿಡುತ್ತದೆ. ಆಗ ಬೇಸಿಗೆ ರಜೆ. ಇನ್ನೊಮ್ಮೆ ಹಾಗಾಗುವುದು ಆಗಸ್ಟ್ ನಡುವೆ, ಆಗ ಮೋಡ. ನಮ್ಮ ಅದೃಷ್ಟ ಅಷ್ಟೇ. ರಜೆಯಲ್ಲಿ ಮನೆಯ ಅಂಗಳದಲ್ಲೇ ನೋಡಿ ಬನ್ನಿ ಅಂತ ಹೇಳಿ ಕಳಿಸಿದರೆ ಐದಾರು ಮಕ್ಕಳಾದರೂ ನೋಡುತ್ತಾರೆ.

ಪೇಟೆಯ ಮಕ್ಕಳಿಗೆ ಬಿಸಿಲು ಬೇಕಾದ್ದು ಇನ್ನೊಂದು ಕಾರಣಕ್ಕೆ. ಚೀನಾದ ಗುವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು, ಫಲಿತಾಂಶ 2015ರಲ್ಲಿ ಬಂತು. ಅರ್ಧ ಶಾಲೆಗಳಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನು ದಿನಕ್ಕೆ 40 ನಿಮಿಷ ಜಾಸ್ತಿ ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಅವರಲ್ಲಿ ನೂರಕ್ಕೆ 30 ಮಕ್ಕಳಿಗೆ ದೂರದ್ದು ಮಸುಕಾಗುವ ದೃಷ್ಟಿದೋಷ ಹೊಸದಾಗಿ ಬಂತು, ಎಂದಿನಂತೆ ನಡೆದ ಶಾಲೆಗಳಲ್ಲಿ ಸುಮಾರು 40 ಮಕ್ಕಳಿಗೆ. ಆಡಳಿತ ಮಂಡಳಿಗೆ ನೆರಳಿನ ಕತೆ ಹೇಳಿದರೆ ತಲೆ ಆಡಿಸುತ್ತಾರೆ ಅಷ್ಟೇ, ಕನ್ನಡಕದ ಕತೆ ಹೇಳಿದರೆ ವ್ಯಾನ್ ಬೇರೆ ಕಡೆ ನಿಲ್ಲಿಸಿಯಾರು.

ಪ್ರಶ್ನೆ: 4 ಮತ್ತು 5ನೇ ಕ್ಲಾಸಿನವರಿಗೆ ಒಂದು ದಿನದ ಪ್ರವಾಸ. ಪಿಲಿಕುಳ, ಕಾಪು ಲೈಟ್‌ಹೌಸ್, ಮಲ್ಪೆ, ಸೈಂಟ್ ಮೇರೀಸ್ ದ್ವೀಪ ಎಲ್ಲ ಸೇರಿಸಬಹುದಾ?
(ಶಾಲಾಭಿವೃದ್ಧಿ ಸಮಿತಿ, ಎಸ್‌ಡಿಎಂಸಿ ಸದಸ್ಯರು, ಉಳ್ಳಾಲ)

ಉತ್ತರ: ಮಾರಾಯ್ರೆ, ಬೇಡ. ನಾನು ಹಿಂದೆ ಇದ್ದ ಶಾಲೆಯಲ್ಲಿ ಹೀಗೇ ಮಾಡಿದೆವು. ಬೆಳಗ್ಗೆ ಆರಕ್ಕೆ ಹೊರಟು ಪಿಲಿಕುಳದ ಪ್ರಾಣಿಗಳು, ವಿಜ್ಞಾನ ಕೇಂದ್ರ, ತಾರಾಲಯ, ಗುತ್ತಿನ ಮನೆ, ಆಮೇಲೆ ಬೀಚ್, ರಾತ್ರಿ ಎಂಟಕ್ಕೆ ವಾಪಸ್. ಮರುದಿನ ಪ್ರವಾಸದ ಬಗ್ಗೆ ಬರೆಯಿರಿ ಅಂದೆ. ಮುಕ್ಕಾಲು ಪಾಲು ಮಕ್ಕಳು ಬರೆದದ್ದು ಬಸ್ಸಿನ ಹಾಡು, ಐಸ್‌ಕ್ರೀಮು. ಒಬ್ಬ ಮಾತ್ರ ವಿವರವಾಗಿ ಬರೆದಿದ್ದ, ತಾನು ಎಷ್ಟು ಸಲ ವಾಂತಿ ಮಾಡಿದೆ ಅಂತ. ಹುಲಿಯ ಸುದ್ದಿ ಒಂದೇ ಸಾಲು: "ಹುಲಿ ಮಲಗಿತ್ತು." ತಪ್ಪು ಪಿಲಿಕುಳದ್ದಲ್ಲ, ನಮ್ಮದು.

ಮಾರನೇ ವರ್ಷ ಅಲ್ಲಿಗೇ ಹೋದೆವು, ಆದರೆ ಕುಶಲಕರ್ಮಿಗಳ ಗ್ರಾಮ ಮತ್ತು ಕೆರೆ, ಎರಡೇ. ಕುಂಬಾರರ ಚಕ್ರದ ಮುಂದೆ ಮಕ್ಕಳು ಮುಕ್ಕಾಲು ಗಂಟೆ ಕೂತರು. ಎಬ್ಬಿಸಲು ಆಗಲಿಲ್ಲ, ಊಟ ತಡ ಆಯಿತು.

ನಿಮಗೆ ದ್ವೀಪ ಇಷ್ಟವಾದರೆ ದ್ವೀಪ ಒಂದನ್ನೇ ಇಟ್ಟುಕೊಳ್ಳಿ. ಲಾವಾ ತಣ್ಣಗಾಗುವಾಗ ಬಿರುಕು ಬಿಟ್ಟು ಆದ ಕಲ್ಲಿನ ಕಂಬಗಳು ಅವು, 1979ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಒಂದೊಂದು ಕಂಬಕ್ಕೆ ಎಷ್ಟು ಮುಖ ಅಂತ ಎಣಿಸಲಿ. ಆರು ಜಾಸ್ತಿ ಸಿಗುತ್ತದೆ, ಐದೂ ಉಂಟು. ಬೋಟು ಮಲ್ಪೆಯಿಂದ, ಮಳೆಗಾಲದಲ್ಲಿ ಬಂದ್. ಕಾಪುವಿನ ಲೈಟ್‌ಹೌಸ್ 1901ರದ್ದು, ಅದು ಬೇರೆ ದಿನಕ್ಕಿರಲಿ.

ದುಡ್ಡು ಸಾಲದಿದ್ದರೆ ಶಾಲೆಯ ಹಳೆಯ ಮಾಡಿನಿಂದ ಒಂದು ಒಡೆದ ಹಂಚು ಇಳಿಸಿ. ಅದರಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು, ಮಂಗಳೂರು ಹಂಚು ಅಂತ ಹೆಸರು ಬಂದ ಕತೆ ಅಲ್ಲಿಂದ. ಹಂಚು ಹಿಡಿದುಕೊಂಡು ಊರಿನ ಮನೆ ಮನೆಗೆ ಹೋಗಿ ಯಾರ ಮಾಡಿನಲ್ಲಿ ಯಾವ ಹೆಸರು ಉಂಟು ಅಂತ ಬರೆದುಕೊಂಡು ಬರಲಿ. ಇದಕ್ಕೆ ಬಸ್ ಬೇಡ, ವಾಂತಿಯೂ ಇಲ್ಲ.

ಪ್ರಶ್ನೆ: ನಾನು 5ನೇ ಕ್ಲಾಸು. ನಮ್ಮ ಡ್ರಿಲ್ ಪೀರಿಯಡ್‌ನಲ್ಲಿ ಯಾವಾಗಲೂ ಗಣಿತ ತಗೊಳ್ತಾರೆ. ಗಣಿತದ ಪೀರಿಯಡ್‌ನಲ್ಲಿ ಮಾತ್ರ ಒಂದು ದಿನವೂ ಡ್ರಿಲ್ ಇಲ್ಲ. ಇದು ಸರಿಯಾ?
(ಒಬ್ಬಳು ವಿದ್ಯಾರ್ಥಿನಿ, ಕಾರ್ಕಳ)

ಉತ್ತರ: ಸರಿಯಲ್ಲ ಪುಟ್ಟಿ. ನಿನ್ನ ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಹಾಗೆ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಒಂದು ತಿಂಗಳು ಎಷ್ಟು ಡ್ರಿಲ್ ಪೀರಿಯಡ್ ಹೋಯಿತು ಅಂತ ಪುಸ್ತಕದ ಹಿಂದೆ ಗೀಟು ಹಾಕು. ತಿಂಗಳ ಕೊನೆಗೆ ಸ್ತಂಭ ನಕ್ಷೆ ಮಾಡಿ ನಿಮ್ಮ ಗಣಿತದ ಟೀಚರಿಗೇ ತೋರಿಸು, ಚಂದ ಬಣ್ಣ ಹಾಕು. ಅವರು ಬೈದರೆ ನನಗೆ ಬರೆ. ಮಾರ್ಕ್ಸ್ ಕೊಟ್ಟರೂ ಬರೆ.